ಅವ್ವನನ್ನು ದಾಟಿದ ತಟ್ಟೆ

ಬಲಗೈಯನ್ನು ಸಂಗಮೇಶ್ ಬೆಳಿಗ್ಗೆಯಿಂದ ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಸೀಮೆಸುಣ್ಣ ಹಿಡಿಯಬೇಕಾದಾಗ ಹೊರಗೆ ತೆಗೆದ, ಬೋರ್ಡಿನ ಮೇಲೆ ‘ಧರ್ಮನಿರಪೇಕ್ಷತೆ’ ಎಂದು ಬರೆದ, ಮತ್ತೆ ಜೇಬಿಗೆ ಹಾಕಿದ. ಕೈಗೆ ಏನೂ ಆಗಿರಲಿಲ್ಲ. ನಿನ್ನೆ ಭಾನುವಾರ, ಮೊಳಕಾಲ್ಮೂರಿನ ಕ್ರೈಸ್ತ ಸಭೆಯಲ್ಲಿ ರೊಟ್ಟಿ ಮುರಿದು ಪ್ರಾರ್ಥನೆ ಮುಗಿದ ಮೇಲೆ, ಅದೇ ಕೈ ಆ ರೊಟ್ಟಿ ತುಂಡುಗಳ ತಟ್ಟೆ ಹಿಡಿದು ಹೆಂಗಸರ ಸಾಲಿನ ಮುಂದೆ ಸಾಗಿತ್ತು. ರೇಣುಕಮ್ಮನ ಮುಂದೆ ನಿಂತಿತು. ಅವಳ ಪಕ್ಕದಲ್ಲಿ ಅವ್ವ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒಡ್ಡಿಕೊಂಡು ಕೂತಿದ್ದಳು. ಅಲ್ಲಿ ನಿಲ್ಲಲಿಲ್ಲ. ಆಚೆಯ ಮುದುಕಿಯ ಮುಂದೆ ನಿಂತಿತು. ನಡೆದದ್ದು ಇಷ್ಟೇ. ಯಾರೂ ಕೆಮ್ಮಲಿಲ್ಲ, ಕೀಬೋರ್ಡ್ ನುಡಿಸುವವನು ತಡೆಯಲಿಲ್ಲ, ತಗಡಿನ ಚಾವಣಿಯ ಕೆಳಗೆ ಫ್ಯಾನು ಎಂದಿನಂತೆ ಕಟಕಟ ಎನ್ನುತ್ತಿತ್ತು. ಅವ್ವನ ಅಂಗೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ, ಹನಿ ಬೀಳುತ್ತಿದೆಯೇ ಎಂದು ನೋಡಲು ಚಾಚಿದ್ದವಳಂತೆ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪಾಸ್ಟರ್ ಓಬಳಪ್ಪನವರು ನಿನ್ನೆ ಬೆಳಿಗ್ಗೆಯೇ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಇವತ್ತು ಅಮ್ಮಗಾರಿಗೆ ಬೇಡ ಬ್ರದರ್. ಆ ಸೀರೆ ವಿಷಯ ತೀರ್ಲಿ, ಆಮೇಲೆ ನೋಡಾಣ.” ಅವನು ಹೂಂ ಅಂದಿದ್ದ. ಹೂಂ ಎನ್ನುವಾಗ, ತಟ್ಟೆ ಅವ್ವನ ಮುಂದೆ ಬಂದಾಗ ತಾನು ಏನಾದರೂ ಮಾಡುತ್ತೇನೆ ಎಂದುಕೊಂಡಿದ್ದ. ಏನು ಎಂದು ಯೋಚಿಸಿರಲಿಲ್ಲ. ಕೈ ಅವನಿಗಿಂತ ಚುರುಕಾಗಿತ್ತು.

“ಸರ್ಕಾರ ನಿಮ್ಮ ಮನೆ ಬಾಗಿಲಿಗೆ ಬಂದು ನಿಮ್ಮ ದೇವರು ಯಾರು ಅಂತ ಕೇಳಬಾರದು,” ಎಂದು ಅವನು ಕ್ಲಾಸಿಗೆ ಹೇಳಿದ. ಚಳ್ಳಕೆರೆಯ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದಾಗಿನಿಂದ ಪ್ರತಿ ವರ್ಷ ಹೇಳುತ್ತಿದ್ದ ವಾಕ್ಯ. ಹೇಳಿ ಒಂದು ಕ್ಷಣ ನಿಲ್ಲುತ್ತಿದ್ದ. ಆ ನಿಲುಗಡೆ ಅವನಿಗೆ ಇಷ್ಟ. ಇವತ್ತು ಆ ನಿಲುಗಡೆಯೊಳಗೆ ರಶ್ಮಿತಾ ಎದ್ದು ನಿಂತಳು. ಸಿದ್ದಾಪುರದ ಹುಡುಗಿ, ಮನೆಯಲ್ಲಿ ಕುರಿ ಕಾಯುವವರು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. “ಸರ್, ಸರ್ಕಾರ ಕೇಳಬಾರ್ದು, ಸರಿ. ಮನೆಯೋರು ಕೇಳಬಹುದಾ?” ಎಂದಳು. ಹಿಂದಿನ ಬೆಂಚಿನವನೊಬ್ಬ, “ಲೇ, ನಿಮ್ಮೂರ ಬಂಡೆ ಮ್ಯಾಲೆ ಆ ಕಾಲದ ರಾಜ ಬರೆಸವ್ನಲ್ಲ, ತಂದೆ ತಾಯಿ ಮಾತು ಕೇಳ್ರಿ ಅಂತ. ನೀನು ಸರ್‌ನ್ಯಾಕೆ ಕೇಳ್ತೀಯ?” ಎಂದ. ಕ್ಲಾಸು ನಕ್ಕಿತು. ರಶ್ಮಿತಾ ನಗಲಿಲ್ಲ. “ನಮ್ಮೂರಾಗೆ ಒಬ್ಬ ಅಕ್ಕನ ಮನೇಲಿ ಏಸು ಪ್ರಾರ್ಥನೆ ನಿಲ್ಲಿಸಿದ್ದು ಸರ್ಕಾರ ಅಲ್ವಲ್ಲ ಸರ್. ಅವಳ ಮೈದುನ. ಗಲಾಟೆಗೆ ಹುಡುಗರನ್ನ ಕರೆಸಿದ್ದೂ ಅವನೇ.” ಸಂಗಮೇಶನಿಗೆ ಗೊತ್ತಿತ್ತು. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಹೋದ ತಿಂಗಳು ಆ ಮನೆಯ ಪರವಾಗಿ ಸ್ಟೇಷನ್ನಿಗೆ ಹೋಗಿ ಮಾತಾಡಿದವನೇ ಅವನು. ಪಾಸ್ಟರಿಗೆ ಕಾನೂನು ಬರುತ್ತಿರಲಿಲ್ಲ. ಗಡಿಯಾಚೆ ಹುಟ್ಟಿದವರು, ಸಿಟ್ಟು ಬಂದರೆ ಪೂರಾ ತೆಲುಗು. ಸಂಗಮೇಶ್ ಸಂವಿಧಾನದ ಇಪ್ಪತ್ತೈದನೇ ವಿಧಿಯನ್ನು ಬಾಯಿಪಾಠ ಹೇಳಿದ್ದ. ಸಬ್ ಇನ್ಸ್‌ಪೆಕ್ಟರ್ ಅವನಿಗೆ ಕುರ್ಚಿ ಹಾಕಿಸಿದ್ದರು. ಆ ಮೈದುನ ಮೂಲೆಯಲ್ಲಿ ಕೈಕಟ್ಟಿ ನಿಂತು, “ಇದು ನಮ್ಮ ಮನೆ ಒಳಗಿನ ವಿಷಯ ಸಾರ್, ಇವರಿಗೇನು?” ಎಂದಾಗ ಅವನು ಕೂತಲ್ಲಿಂದಲೇ, “ಒಳಗಿನ ವಿಷಯ ಅಂತ ಹೇಳ್ಕೊಂಡೇ ಈ ದೇಶದಲ್ಲಿ ಎಲ್ಲ ಅನ್ಯಾಯ ನಡೆದಿರೋದು,” ಎಂದಿದ್ದ. ಎಷ್ಟು ಚೆನ್ನಾಗಿ ಬಂದಿತ್ತು ಮಾತು. ಮುಂದಿನ ಭಾನುವಾರ ಪಾಸ್ಟರ್ ಎಲ್ಲರ ಮುಂದೆ ಅವನ ಹೆಸರು ಹೇಳಿ ಸ್ತೋತ್ರ ಮಾಡಿಸಿದರು. ಅವತ್ತಿನಿಂದ ತಟ್ಟೆ ಅವನ ಕೈಗೆ ಬಂತು. “ಕೂತ್ಕೋ ರಶ್ಮಿತಾ, ಅದು ಸಿಲಬಸ್ಸಿನಲ್ಲಿಲ್ಲ,” ಎಂದ ಈಗ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದ. ಹುಡುಗಿ ಕೂತಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಮೇಷ್ಟ್ರುಗಳು ಹೀಗೇ ಎಂದು ಮೊದಲೇ ಗೊತ್ತಿದ್ದವಳ ಹಾಗಿದ್ದಳು.

ಸ್ಟಾಫ್ ರೂಮಿನಲ್ಲಿ ಇತಿಹಾಸದ ರಾಜಣ್ಣ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. “ಏನಲೇ ಫಾದರ್, ಊಟ ಆತಾ?” ಎಂದ. ಸಂಗಮೇಶ್ ಫಾದರೂ ಅಲ್ಲ, ಪಾಸ್ಟರೂ ಅಲ್ಲ ಎಂದು ಒಂದೆರಡು ಸಲ ಹೇಳಿ ಬಿಟ್ಟಿದ್ದ. ರಾಜಣ್ಣನದು ದ್ವೇಷವಲ್ಲ, ಚಟ. ಆಯುಧಪೂಜೆಯ ದಿನ ಇವನ ಬೈಕಿಗೂ ತಾನೇ ನಿಂಬೆಹಣ್ಣು ಕಟ್ಟಿ, “ನಿಮ್ ಏಸು ಬೇಡ ಅಂದ್ರೆ ನಾನೇ ಜವಾಬ್ದಾರಿ ಬಿಡು,” ಎಂದಿದ್ದವನು. ಸಂಗಮೇಶ್ ಆ ನಿಂಬೆಹಣ್ಣನ್ನು ಊರಾಚೆ ಹೋಗಿ ಕಿತ್ತು ಎಸೆದಿದ್ದ. ಎಸೆಯುವಾಗ ಯಾರಾದರೂ ನೋಡಿದರೇ ಎಂದು ಹಿಂದೆ ಮುಂದೆ ನೋಡಿದ್ದ. ಕಟ್ಟಿದ್ದಕ್ಕೋ ಎಸೆದದ್ದಕ್ಕೋ ಯಾವುದಕ್ಕೆ ಹೆದರಿದ್ದು ಎಂದು ಅವತ್ತೂ ತಿಳಿದಿರಲಿಲ್ಲ. ರಾಜಣ್ಣ ಈಗ ಎಡಗೈಯಲ್ಲಿ ಫೋನು ತಳ್ಳಿದ. “ಇದು ನಿಮ್ಮ ಅವ್ವ ಅಲ್ವೇನಲೇ? ಮೊಳಕಾಲ್ಮೂರು ಗ್ರೂಪಿನಾಗೆ ಬಂದೈತೆ.” ಕೇಸರಿ ಬಣ್ಣದ ಚೌಕಟ್ಟಿನೊಳಗೆ ಅವ್ವನ ಫೋಟೊ ಇತ್ತು. ಯಾವುದೋ ಕೈಮಗ್ಗದ ಮೇಳದಲ್ಲಿ ತೆಗೆದದ್ದು. ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಮತಾಂತರಗೊಂಡು ಸಭೆಯಿಂದಲೇ ಹೊರದಬ್ಬಲ್ಪಟ್ಟ ನೇಕಾರ ತಾಯಿ ಪಾಲಮ್ಮ ಮರಳಿ ಮನೆಗೆ. ಇಂದು ಸಂಜೆ ಅವರ ನಿವಾಸದಲ್ಲೇ ಸನ್ಮಾನ. ನೇರಪ್ರಸಾರ.’ ಅವನು ಎರಡು ಸಲ ಓದಿದ. ‘ಹೊರದಬ್ಬಲ್ಪಟ್ಟ’ ಎಂಬ ಪದದ ಮೇಲೆ ಕಣ್ಣು ನಿಂತಿತು. ಅದನ್ನು ಬರೆದವನಿಗೆ ಅವ್ವನ ಮೇಲೆ ಕಿಂಚಿತ್ ಅಕ್ಕರೆ ಇರಲಾರದು, ಆದರೂ ಪದ ಸರಿಯಾಗಿತ್ತು. “ಒಳ್ಳೇದಾತು ಬಿಡಲೇ,” ಎಂದ ರಾಜಣ್ಣ, ಮುದ್ದೆ ಮುರಿಯುತ್ತಾ. “ವಯಸ್ಸಾದೋರು. ನಮ್ಮ ಕಡೆ ಇದ್ರೆ ಸತ್ತಾಗ ಹೊರೋಕೆ ನಾಲ್ಕು ಜನ ಆದ್ರೂ ಸಿಗ್ತಾರೆ.” ಸಂಗಮೇಶ್ ಫೋನು ಹಚ್ಚಿದ. ಅವ್ವ ಎತ್ತಲಿಲ್ಲ. ಮಗ್ಗದಲ್ಲಿ ಕೂತಾಗ ಅವಳು ಫೋನನ್ನು ಗೂಡಿನಲ್ಲಿಟ್ಟುಬಿಡುತ್ತಾಳೆ. ಮಗ್ಗದ ಸದ್ದಿನಲ್ಲಿ ಕೇಳಿಸುವುದೂ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಕಲ್ಲು, ಬನ್ನಿಮರ, ಮತ್ತೆ ಕಲ್ಲು. ಎದುರಿನ ಸೀಟಿನ ಮುದುಕ ಕಂಡಕ್ಟರನ ಹತ್ತಿರ ತೆಲುಗಿನಲ್ಲಿ ಜಗಳವಾಡುತ್ತಿದ್ದ, ಕಂಡಕ್ಟರ್ ಕನ್ನಡದಲ್ಲಿ ಬಯ್ಯುತ್ತಿದ್ದ, ಇಬ್ಬರಿಗೂ ಪೂರಾ ಅರ್ಥವಾಗುತ್ತಿತ್ತು. ತಾನು ಕೊನೆಯದಾಗಿ ಮಾಡಿದ ಪ್ರಾರ್ಥನೆಯೂ ಹೀಗೇ ಎಲ್ಲರಿಗೂ ಪೂರಾ ಅರ್ಥವಾಗಿತ್ತು. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಎಲ್ಲರೂ ತಮ್ಮ ತಮ್ಮ ಪ್ರಾರ್ಥನೆಯ ವಿಷಯ ಹೇಳುವುದು ವಾಡಿಕೆ. ಒಬ್ಬಳು ಮಂಡಿನೋವು ಎನ್ನುತ್ತಾಳೆ, ಒಬ್ಬ ಮಗನ ಕುಡಿತ ಎನ್ನುತ್ತಾನೆ, ಹೇಳಿದ ಕೂಡಲೇ ಉಳಿದವರು ಕಣ್ಣು ಮುಚ್ಚಿ ‘ಹೌದು ಕರ್ತನೇ’ ಎನ್ನುತ್ತಾರೆ. ಮೊನ್ನೆ ಶುಕ್ರವಾರ ಅವನ ಸರದಿ ಬಂದಾಗ ಅವನಿಗೆ ಹೇಳಲು ಏನೂ ಇರಲಿಲ್ಲ. ತಟ್ಟೆ ಹಿಡಿಯುವವನಿಗೆ ಒಂದು ಭಾರವೂ ಇಲ್ಲವೆಂದರೆ ಹೇಗೆ? “ನಮ್ಮ ಅವ್ವನಿಗಾಗಿ ಪ್ರಾರ್ಥಿಸಿ,” ಎಂದ. “ಇನ್ನೂ ಊರಮ್ಮನಿಗೆ ಸೀರೆ ನೇಯ್ತಾಳೆ. ದೇವರು ಅವಳನ್ನ ಅದರಿಂದ ಬಿಡಿಸ್ಲಿ.” ಎಲ್ಲರೂ ಹೌದು ಕರ್ತನೇ ಎಂದರು. ಅವನಿಗೆ ಎದೆ ಹಗುರಾಯಿತು. ಕಣ್ಣಲ್ಲಿ ನೀರೂ ಬಂತು. ಚಾಡಿ ಹೇಳುವಾಗ ಯಾರ ಕಣ್ಣಲ್ಲಾದರೂ ನೀರು ಬರುತ್ತದೆಯೇ? ಬರುತ್ತದೆ, ಕಣ್ಣು ಮುಚ್ಚಿಕೊಂಡು ಹೇಳಿದರೆ. ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಕೇಳಿದರು, “ಅಮ್ಮಗಾರು ಆ ಸೀರೆಗೆ ಕೂಲಿ ತಗೊಂತಾರಾ?” ಇಲ್ಲ ಎಂದ. ರೇಷ್ಮೆ ಯಾರದು? ಅವಳದೇ, ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಕೊಂಡು ಕೂಡಿಟ್ಟಿದ್ದು. ಪಾಸ್ಟರ್ ಬೈಬಲ್ಲಿನ ಜಿಪ್ ಎಳೆದರು. “ಕೂಲಿ ತಗೊಂಡಿದ್ರೆ ಅದು ಕೆಲಸ. ಪುಕ್ಕಟೆ ನೇಯ್ದ್ರೆ ಅದು ಆರಾಧನೆ ಬ್ರದರ್.” ಕೆಟ್ಟ ಮನುಷ್ಯನಲ್ಲ ಓಬಳಪ್ಪ. ಕೋವಿಡ್ ಸಮಯದಲ್ಲಿ ಯಾರೂ ಮುಟ್ಟದ ಹೆಣಗಳನ್ನು ಜಾತಿ ಕೇಳದೆ ಹೊತ್ತವರು. ಆ ತರ್ಕದಲ್ಲಿ ತಪ್ಪೂ ಕಾಣಲಿಲ್ಲ. ಅವತ್ತೇ ಸಂಜೆ ಅವ್ವನಿಗೆ ಹೇಳಿ ನೋಡಿದ: ಊರಮ್ಮನ ಗುಡಿ ಕಮಿಟಿಯವರ ಹತ್ತಿರ ಕೂಲಿ ಅಂತ ಏನಾದರೂ ಇಸ್ಕೋ, ಎಷ್ಟಾದರೂ ಸರಿ, ವಿಷಯ ಮುಗೀತದೆ. ಅವ್ವ ನೂಲಿನ ಗಂಟು ಹಾಕುತ್ತಿದ್ದವಳು ತಲೆಯೆತ್ತದೆ, “ಅಮ್ಮನ ಹತ್ರ ಕೂಲಿ ಇಸ್ಕೊಳ್ಳಾದಾ? ಥೂ,” ಎಂದಳು. “ವರ್ಷಕ್ಕೊಂದು ಸೀರೆ ಅಂತ ನಿಮ್ಮಜ್ಜಿ ಅಮ್ಮನಿಗೆ ಕೊಟ್ಟ ಮಾತು. ಏಸಪ್ಪ ಮಾತಿಗೆ ತಪ್ಪು ಅಂತ ಎಲ್ಲಿ ಹೇಳವ್ನೆ, ತೋರ್ಸು.” ಅವನು ಬೈಬಲ್ಲು ತೆಗೆದು ಹಾಳೆ ತಿರುವಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವಳು ಅವಳೇ. ಅವನು ನಾಲ್ಕು ವರ್ಷ ನಕ್ಕು, ವಾದ ಮಾಡಿ, ಆಮೇಲೆ ಅವಳ ಹಿಂದೆ ನೀರಿಗಿಳಿದವನು. ಅವನು ಮುಳುಗಿ ಮೇಲೆದ್ದಾಗ ದಂಡೆಯಲ್ಲಿ ಟವೆಲು ಹಿಡಿದು ನಿಂತಿದ್ದವಳು ಅವಳು.

ಬೀದಿಯ ತಿರುವಿನಿಂದಲೇ ಮಗ್ಗದ ಸದ್ದು ಕೇಳಿಸಿತು. ಅಂದರೆ ಏನೂ ಆಗಿಲ್ಲ ಎಂದುಕೊಂಡ. ಪಕ್ಕದ ಮನೆಯ ಮುಂದೆ ರೇಣುಕಮ್ಮ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದವಳು ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು, “ವಂದನೆ ಅಣ್ಣಾ,” ಎಂದು ಒಳಗೆ ಹೋದಳು. ನಿನ್ನೆ ಸಭೆಯಲ್ಲಿ ನಡೆದದ್ದು ಸಂಜೆಯೊಳಗೆ ನಲ್ಲಿಯ ಹತ್ತಿರ ತಲುಪಿತ್ತು, ನಲ್ಲಿಯಿಂದ ಗ್ರೂಪಿಗೆ. ಅವನು ಒಳಗೆ ಬಂದ. ಅವ್ವ ಗುಂಡಿಯೊಳಗೆ ಕಾಲಿಳಿಬಿಟ್ಟು ಮಗ್ಗದಲ್ಲಿ ಕೂತಿದ್ದಳು. ಸೊಂಟದ ಮೇಲಷ್ಟೇ ನೆಲದಿಂದ ಮೇಲಿದ್ದ ಅವಳು ಯಾವಾಗಲೂ ಅವನಿಗೆ ಅರ್ಧ ಹೂತಿಟ್ಟ ಹಾಗೆ ಕಾಣುತ್ತಿದ್ದಳು. ಮಗ್ಗದ ಮೇಲಿನ ಸೀರೆಗೆ ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ಅಂಚಿನ ತುಂಬ ಗೋಪುರ. ಸೆರಗು ಮುಗಿಯುತ್ತ ಬಂದಿತ್ತು. ನಾಳೆ ಮಂಗಳವಾರ ಊರಮ್ಮನಿಗೆ ಉಡಿಸಬೇಕು. “ಕಾಲೇಜು ಬಿಟ್ಟು ಬಂದ್ಯಾ?” ಎಂದಳು, ಲಾಳಿ ನಿಲ್ಲಿಸದೆ. “ಗ್ರೂಪಿನಾಗೆ ನಿನ್ನ ಫೋಟೊ ಹಾಕವ್ರೆ ಅವ್ವ.” “ಗೊತ್ತು. ಚೆನ್ನಾಗೈತಂತೆ?” ಅವನಿಗೆ ಸಿಟ್ಟು ಬಂತು. ನಿನ್ನೆಯ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಸಭೆಯಿಂದ ಬಂದವಳು ಸಾರಿಗೆ ಒಗ್ಗರಣೆ ಹಾಕಿದ್ದಳು, ಅವನಿಗೆ ಬಡಿಸಿದ್ದಳು, ಉಪ್ಪು ಸಾಕಾ ಎಂದು ಕೇಳಿದ್ದಳು. ಒಂದು ಸಲ ಬೈದಿದ್ದರೆ ತಾನು ಸಮಜಾಯಿಷಿ ಹೇಳಬಹುದಿತ್ತು. ಸಮಜಾಯಿಷಿ ಹೇಳಲು ಅವನು ರಾತ್ರಿಯೆಲ್ಲ ತಯಾರಾಗಿದ್ದ. ಪಾಸ್ಟರಿಗೆ ಯಾರು ಹೇಳಿದರು ಎಂದು ಅವಳು ಕೇಳಲೂ ಇಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸೀರೆ. ಯಾರಾದರೂ ಹೇಳಿರಬಹುದು ಎಂದು ಅವಳು ಅಂದುಕೊಂಡಿರಲಿ ಎಂದು ಅವನು ಆಸೆಪಟ್ಟ. ಆಸೆಪಟ್ಟದ್ದಕ್ಕೆ ನಾಚಿಕೊಳ್ಳುವಷ್ಟರಲ್ಲಿ ಹೊರಗೆ ಬೈಕುಗಳು ನಿಂತವು.

ಮುಂದೆ ಮುರುಗೇಂದ್ರಪ್ಪನವರು ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಲು. ಪೇಟೆಯಲ್ಲಿ ರೇಷ್ಮೆ ಅಂಗಡಿ, ಅಮ್ಮನ ಕಮಿಟಿಗೆ ಹಿರಿಯರು. ಈ ಬೀದಿಯ ಅರ್ಧ ಮಗ್ಗಗಳು ಅವರ ನೂಲಿನಿಂದ ನಡೆಯುತ್ತಿದ್ದವು. ಅವರ ಹಿಂದೆ ಮಗ ಚಂದ್ರಶೇಖರ್ ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದ ಹುಡುಗರ ಜೊತೆಗೆ ಬಂದ. ಒಬ್ಬ ಫೋನನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದ. “ನಮಸ್ಕಾರ ಬಂಧುಗಳೇ,” ಎಂದು ಚಂದ್ರಶೇಖರ್ ಫೋನಿಗೆ ಹೇಳಿ, ಆಮೇಲೆ ಮನುಷ್ಯರ ಕಡೆ ತಿರುಗಿದ. “ಪಾಲಕ್ಕ, ಮ್ಯಾಲೆ ಬಾ. ಶಾಲು ಹೊದಿಸ್ತೀವಿ.” ಅವ್ವ ಲಾಳಿಯನ್ನು ನಿಧಾನವಾಗಿ ಪಕ್ಕಕ್ಕಿಟ್ಟಳು. ಗುಂಡಿಯಿಂದ ಮೇಲೆ ಬರಲಿಲ್ಲ. “ಇನ್ನೊಂದು ಗೇಣು ಐತೆ ಅಪ್ಪಾಜಿ,” ಎಂದಳು ಮುರುಗೇಂದ್ರಪ್ಪನವರಿಗೆ. “ಬೆಳಿಗ್ಗೆಗೆ ಕೊಡ್ತೀನಿ.” “ಆಗ್ಲಮ್ಮ, ಆಗ್ಲಿ,” ಎಂದರು ಅವರು, ಬೇರೆ ಕಡೆ ನೋಡುತ್ತಾ.

“ಒಂದೇ ಮಾತು ಹೇಳಕ್ಕಾ,” ಎಂದ ಚಂದ್ರಶೇಖರ್. “ಮರಳಿ ಬಂದೆ ಅಂತ. ಅಷ್ಟೇ.”

“ಎಲ್ಲಿಂದ ಬರ್ಲಿ? ನಾನು ಎಲ್ಲಿಗೂ ಹೋಗಿಲ್ವಲ್ಲ.”

ಹುಡುಗರು ನಕ್ಕರು. ಚಂದ್ರಶೇಖರನೂ ನಗುವವನ ಹಾಗೆ ಬಾಯಿ ಮಾಡಿದ. “ಸಭೆಯೋರು ನಿನ್ನ ಹೊರಗೆ ಹಾಕಿದ್ರಲ್ಲಕ್ಕ. ರೊಟ್ಟಿ ತುಂಡಿಗೂ ಗತಿ ಇಲ್ದಂಗೆ ಮಾಡಿದ್ರಲ್ಲ.”

“ಅವ್ರು ಕೊಡ್ಲಿಲ್ಲ. ನಾನು ಬಿಟ್ಟೆ ಅಂದ್ನಾ?”

“ಹಂಗಾದ್ರೆ ಏಸುನೂ ಬೇಕು, ಅಮ್ಮನೂ ಬೇಕು ಅಂತೀಯ?”

“ನನಗೆ ಬೇಕಾದ್ದು ಏಸಪ್ಪ,” ಎಂದಳು ಅವ್ವ. ತಪ್ಪು ಲೆಕ್ಕ ಹಾಕಿದವನಿಗೆ ತಿದ್ದಿ ಹೇಳುವ ದನಿಯಿತ್ತು. “ಅಮ್ಮನಿಗೆ ಬೇಕಾದ್ದು ಸೀರೆ. ನೇಯ್ದಿದೀನಿ. ತಗೊಂಡೋಗ್ರಿ.”

ಕೋಲಿನ ತುದಿಯ ಫೋನು ಒಂದು ಕ್ಷಣ ಅಲುಗಿತು. ಮುರುಗೇಂದ್ರಪ್ಪ ಗಂಟಲು ಸರಿಮಾಡಿಕೊಂಡರು. “ಲೇ ಚಂದ್ರ, ಸಾಕು ನಡಿ. ನಮ್ಮಪ್ಪನ ಕಾಲದಿಂದ ಈ ಮನೆ ಸೀರೆನೇ ಅಮ್ಮ ಉಟ್ಟಿರಾದು. ಯಾರ್ ಯಾರಿಗೆ ಕೈ ಮುಗೀತಾರೋ ಅದನ್ನ ಕಟ್ಕೊಂಡು ನಮಗೇನಾಗ್ಬೇಕು?” ಸಂಗಮೇಶ್ ಅವರತ್ತ ತಿರುಗಿದ. ತಾನು ಸ್ಟೇಷನ್ನಿನಲ್ಲಿ ವಿಧಿ, ಕಲಂ ಎಂದೆಲ್ಲ ಸುತ್ತಿ ಬಳಸಿ ಹೇಳಿದ್ದನ್ನು ಈ ಮುದುಕ ಸರಳವಾಗಿ ಹೇಳಿಬಿಟ್ಟಿದ್ದರು. ಆದರೆ ಚಂದ್ರಶೇಖರ್ ಅಪ್ಪನ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ, “ಅಪ್ಪಾಜಿ, ಲೈವ್ ಐತೆ. ಊರೆಲ್ಲ ನೋಡ್ತಾ ಐತೆ,” ಎಂದ. ಮುರುಗೇಂದ್ರಪ್ಪ ಫೋನಿನ ಕಡೆ ನೋಡಿದರು. ಅವರ ಮುಖದಲ್ಲಿ ಏನು ನಡೆಯಿತೆಂದು ಆ ಕೋಣೆಯಲ್ಲಿ ಸಂಗಮೇಶನಿಗೊಬ್ಬನಿಗೇ ತಿಳಿಯಿತು, ಏಕೆಂದರೆ ನಿನ್ನೆ ತಟ್ಟೆ ಅವ್ವನ ಬಳಿ ಬಂದ ಹೊತ್ತಿಗೆ ಪಾಸ್ಟರ್ ಬೈಬಲ್ಲಿನಿಂದ ತಲೆಯೆತ್ತಿ ನೋಡಿದಾಗ ತನ್ನ ಮುಖದಲ್ಲೂ ಅದೇ ನಡೆದಿತ್ತು.  ಕೋಲು ಊರಿಕೊಂಡು ಮುರುಗೇಂದ್ರಪ್ಪ ಜಗಲಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತರು. “ಈ ಸಲ ಅಮ್ಮನಿಗೆ ಸೀರೆ ಚಳ್ಳಕೆರೆಯಿಂದ ಬರ್ತದೆ,” ಎಂದು ಚಂದ್ರಶೇಖರ್ ಫೋನಿಗೆ ಹೇಳಿದ. “ಎರಡು ದೋಣಿ ಮ್ಯಾಲೆ ಕಾಲಿಟ್ಟೋರ ಸೀರೆ ನಮಗೆ ಬೇಕಾಗಿಲ್ಲ ಬಂಧುಗಳೇ.” ಆಮೇಲೆ ಅವನಿಗೆ ಹೊಸದೇನೋ ಹೊಳೆಯಿತು. ಫೋನಿನ ಕೋಲನ್ನು ತಾನೇ ಇಸಿದುಕೊಂಡು ಸಂಗಮೇಶನ ಮುಖದ ಮುಂದೆ ಹಿಡಿದ. “ಮೇಷ್ಟ್ರೇ, ನೀವು ಸಂವಿಧಾನ ಪಾಠ ಮಾಡೋರು. ನಿಮ್ಮ ಸಭೆ ನಿಮ್ಮ ಹೆತ್ತ ತಾಯಿನ ಹೊರಗೆ ಹಾಕಿದ್ದು ನಿಜಾನಾ? ಆ ತಟ್ಟೆ ಯಾರ ಕೈಯಾಗಿತ್ತು, ಹೇಳ್ರಿ.” ಫೋನಿನ ಗಾಜಿನಲ್ಲಿ ಸಂಗಮೇಶನಿಗೆ ತನ್ನ ಮುಖ ಕಂಡಿತು. ಕೆಳಗಿನಿಂದ ಮೇಲಕ್ಕೆ ಚಿಕ್ಕ ಚಿಕ್ಕ ಹೃದಯಗಳು, ಸಿಟ್ಟಿನ ಮುಖಗಳು ತೇಲಿ ಹೋಗುತ್ತಿದ್ದವು. ಅವ್ವ ಗುಂಡಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು.

“ಅದು ನಮ್ಮ ಒಳಗಿನ ವಿಷಯ,” ಎಂದ ಅವನು.

ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವನಿಗೆ ಸ್ಟೇಷನ್ನಿನ ಮೂಲೆ ಕಂಡಿತು, ಕೈಕಟ್ಟಿ ನಿಂತಿದ್ದ ಆ ಸಿದ್ದಾಪುರದ ಮೈದುನ ಕಂಡ, ಅವನ ಮೇಲಿನ ಹಲ್ಲಿನಲ್ಲಿದ್ದ ತಂಬಾಕಿನ ಕಲೆ ಕೂಡ ಕಂಡಿತು. ಅವನದೇ ಮಾತು. ಆವತ್ತು ತನಗೆ ಹಾಕಿದ್ದ ಕುರ್ಚಿಯಲ್ಲಿ ಈಗ ಯಾರೋ ಕೂತು ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿ ಅವನು ನಿಂತಲ್ಲೇ ಕಾಲು ಬದಲಿಸಿದ. ಚಂದ್ರಶೇಖರನಿಗೆ ಅಷ್ಟು ಸಾಕಾಗಿತ್ತು. ಹಣ್ಣಿನ ತಟ್ಟೆ, ಶಾಲು, ಹಾರ ಎಲ್ಲವನ್ನೂ ಬಂದ ಹಾಗೇ ಎತ್ತಿಕೊಂಡು ಹುಡುಗರು ಹೊರಟರು. ಒಬ್ಬ ಮಾತ್ರ ಹೊಸ್ತಿಲಲ್ಲಿ ತಿರುಗಿ, “ಚಪ್ಪಲಿ ಒಳಗೇ ಬಿಟ್ಟಿದ್ದೆ ಅಕ್ಕ,” ಎಂದು ನಾಚಿಕೊಂಡು ತೆಗೆದುಕೊಂಡು ಹೋದ. ಮುರುಗೇಂದ್ರಪ್ಪ ಕೊನೆಯಲ್ಲಿ ಇಳಿದರು. ತಿರುಗಿ ನೋಡಲಿಲ್ಲ.

ಅವ್ವ ಮತ್ತೆ ಲಾಳಿ ಎತ್ತಿಕೊಂಡಳು. ಯಾರೂ ತಗೊಳ್ಳದ ಸೀರೆಯ ಉಳಿದ ಗೇಣನ್ನು, ನಾಳೆ ಬೆಳಿಗ್ಗೆ ಕೊಡಬೇಕಾದವಳ ಹಾಗೇ, ಅದೇ ವೇಗದಲ್ಲಿ ನೇಯತೊಡಗಿದಳು. ಅವನು ಗೋಡೆಗೊರಗಿ ನೆಲದ ಮೇಲೆ ಕೂತ. ರಾತ್ರಿ ಆ ಗೇಣು ಮುಗಿಯುವ ಹೊತ್ತಿಗೆ, ಅವಳಿಗೆ ಏನಾದರೂ ಹೇಳಬೇಕು ಎಂದುಕೊಳ್ಳುವಾಗ ಫೋನು ಬಡಿದುಕೊಂಡಿತು. ಪಾಸ್ಟರ್. ಅವರ ದನಿ ಯಾವಾಗಲೂ ಮೈಕಿನಲ್ಲಿ ಮಾತಾಡುವವರ ದನಿ, ಕಿವಿಗಿಟ್ಟುಕೊಂಡರೂ ಕೋಣೆಗೆಲ್ಲ ಕೇಳುತ್ತಿತ್ತು. “ವಂದನಾಲು ಬ್ರದರ್! ಲೈವ್ ನೋಡ್ದೆ. ಅಮ್ಮಗಾರು ಎಂಥ ಸಾಕ್ಷಿ ಕೊಟ್ರು! ಏಸಪ್ಪನೇ ಬೇಕು ಅಂದುಬಿಟ್ರಲ್ಲ ಅವರ ಮುಂದೆ. ನೋಡ್ರಿ, ಶುಕ್ರವಾರ ನೀವು ಕಣ್ಣೀರಿಟ್ಟು ಕೇಳಿದ್ರಿ, ಸೋಮವಾರ ಕರ್ತನು ಬಿಡಿಸಿಯೇ ಬಿಟ್ಟ. ಸೀರೆಯ ಬಂಧನ ಹೋಯ್ತು. ನಿಮ್ಮ ಪ್ರಾರ್ಥನೆಗೆ ಉತ್ತರ ಇದು. ಈ ಭಾನುವಾರ ಅಮ್ಮಗಾರ ಮುಂದೆ ತಟ್ಟೆ ನಿಲ್ಸಿ ಬ್ರದರ್, ನಾನೇ ಹೇಳ್ತಿದೀನಿ.” ಸಂಗಮೇಶ್ ಫೋನಿನ ಕೆಂಪು ಬಟನ್ ಒತ್ತಲು ನೋಡಿದ, ಬೆರಳು ಜಾರಿತು. ಶುಕ್ರವಾರ ನೀವು. ನಿಮ್ಮ ಪ್ರಾರ್ಥನೆ. ಮಗ್ಗದ ಸದ್ದು ನಿಂತಿತ್ತು. ಅವನು ಕೇಳಿದ್ದು ಸಿಕ್ಕಿತ್ತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಅವ್ವನನ್ನು ಆ ಸೀರೆಯಿಂದ ಬಿಡಿಸು ಎಂದು ಕೇಳಿದ್ದ. ದೇವರು ಬಿಡಿಸಲು ಯಾರನ್ನು ಕಳಿಸುತ್ತಾನೆ ಎಂದು ಕೇಳಿರಲಿಲ್ಲ. ಪ್ರಾರ್ಥನೆ ಹೀಗೆ ಈಡೇರುವುದಾದರೆ ಅದನ್ನು ಕೇಳಿಸಿಕೊಂಡವನು ಯಾರು ಎಂಬ ಯೋಚನೆ ಬಂದು ಅವನಿಗೆ ನಿಜವಾಗಿಯೂ ಭಯವಾಯಿತು. ಬಲಗೈಯನ್ನು ಮತ್ತೆ ಜೇಬಿಗೆ ಹಾಕಿದ.

“ಏನಂತೆ?” ಎಂದಳು ಅವ್ವ.

“ಭಾನುವಾರ ಕೊಡ್ತಾರಂತೆ.”

“ಕೇಳುಸ್ತು.” ಅವಳು ಗುಂಡಿಯ ಅಂಚಿಗೆ ಕೈಯೂರಿ ಮೇಲೆ ಬಂದಳು. ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. “ನಾನು ಬಿಟ್ಟೆ ಅಂತ ತಿಳ್ಕಂಡವ್ರೆ ಪಾಸ್ಟರು. ನಾನೆಲ್ಲಿ ಬಿಟ್ಟೆ? ಇವ್ರು ತಗೊಳ್ಳಿಲ್ಲ ಅಷ್ಟೇ. ಬರೋ ವರ್ಷಾನೂ ನೇಯ್ತೀನಿ, ಬ್ಯಾಡ ಅಂದ್ರೆ ಮಡಚಿ ಇಡ್ತೀನಿ. ಹಂಗಂತ ಹೇಳು ಅವ್ರಿಗೆ. ಸುಳ್ಳು ಹೇಳಿ ರೊಟ್ಟಿ ಇಸ್ಕೊಂಡ್ಲು ಅನ್ನಾದು ಬ್ಯಾಡ.”

“ಹೇಳಿದ್ರೆ ಮತ್ತೆ ಕೊಡಲ್ಲವ್ವ.”

“ಅದು ಅವ್ರಿಗೆ ಬಿಟ್ಟಿದ್ದು.” ಅವಳು ಕತ್ತರಿ ಹುಡುಕಿದಳು. ಮಗ್ಗದ ಹಾಸುನೂಲಿನ ಮೇಲೆ ಅಂಗೈಯಿಟ್ಟು, ಒಂದು ಕ್ಷಣ ತುಟಿ ಅಲುಗಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ಇದನ್ನೂ ಅವನು ಒಂದು ಕಾಲದಲ್ಲಿ ವಿಗ್ರಹಾರಾಧನೆ ಎಂದಿದ್ದ. ಆಮೇಲೆ ಅವಳು ಸೀರೆಯನ್ನು ಮಗ್ಗದಿಂದ ಕತ್ತರಿಸಿದಳು. “ಆ ತುದಿ ಹಿಡಿ,” ಎಂದಳು. ಹೊಸ ರೇಷ್ಮೆ ಮಡಚಲು ಇಬ್ಬರು ಬೇಕು. ಅವನು ಜೇಬಿನಿಂದ ಕೈ ತೆಗೆದು ಸೆರಗಿನ ಎರಡು ಮೂಲೆ ಹಿಡಿದ. ಅವಳು ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಅಡುಗೆಮನೆಯ ಬಾಗಿಲವರೆಗೂ ಹೋದಳು. ಇಬ್ಬರ ನಡುವೆ ಅರಿಶಿನ ಬಣ್ಣ ಬಿಗಿಯಾಗಿ ನಿಂತಿತು. “ಅವ್ವ,” ಎಂದ ಅವನು, “ಪಾಸ್ಟರಿಗೆ ಹೇಳಿದ್ದು...”

“ಗೊತ್ತು.” ಅವಳು ಅಂಚು ಸರಿಮಾಡುತ್ತಿದ್ದಳು. “ಶುಕ್ರವಾರ ಕತ್ಲಾಗೋದ್ರೊಳಗೇ ರೇಣುಕಾ ಬಂದು ಹೇಳಿದ್ಲು. ಭಾನುವಾರ ಬೆಳಿಗ್ಗೆ ಪಾಸ್ಟರ್ ಬಾಯಿಂದ ಕೇಳ್ಕೊಂಡು ಬಂದು, ನನಗೆ ಕೊಡಲ್ವಂತೆ ಅಂತಾನೂ ಅವಳೇ ಹೇಳಿದ್ಲು. ಬರಬ್ಯಾಡ ಅಕ್ಕಾ, ಮನೇಲೇ ಇರು ಅಂದ್ಲು.”

ಅವನ ಕೈಯಿಂದ ಒಂದು ಮೂಲೆ ಜಾರಿತು. “ಗೊತ್ತಿದ್ದೂ ಯಾಕೆ ಬಂದೆ?”

“ತಟ್ಟೆ ನಿನ್ನ ಕೈಯಾಗಿರ್ತದಲ್ಲ,” ಎಂದಳು. “ನಿಲ್ಲಿಸ್ತೀಯ ಅಂದ್ಕೊಂಡಿದ್ದೆ. ಅದಕ್ಕೆ ಕೈ ಒಡ್ಡಿದ್ದೆ. ಮೂಲೆ ಹಿಡ್ಕೋ, ನೆಲಕ್ಕೆ ತಾಗ್ತೈತೆ.”

ಅವನು ಬಗ್ಗಿ ಎತ್ತಿಕೊಂಡ. ಅವಳು ಮಡಿಕೆ ಹಾಕುತ್ತಾ ಅವನ ಕಡೆಗೆ ನಡೆದು ಬಂದಳು. ಮಡಿಕೆ ಹಾಕಿದಷ್ಟೂ ನಡುವಿನ ಬಟ್ಟೆ ಕಡಿಮೆಯಾಗುತ್ತಾ ಹೋಯಿತು. ಹತ್ತಿರ ಬಂದಾಗ ಅವಳ ಮೈಯಿಂದ ಗಂಜಿಯ, ಬೆವರಿನ ವಾಸನೆ ಬಂತು. “ಭಾನುವಾರ ಇದನ್ನೇ ಉಟ್ಕೊಂಡು ಬರ್ತೀನಿ,” ಎಂದಳು. “ಇಷ್ಟ್ ವರ್ಷ ನೇಯ್ದೋಳು ಒಂದು ರೇಷ್ಮೆ ಸೀರೆ ಉಟ್ಟಿಲ್ಲ. ಅಮ್ಮನಿಗೆ ನೇಯ್ದಿದ್ದು ಅಂತ ಸಭೆಯೋರಿಗೆಲ್ಲ ಗೊತ್ತಾಗ್ತದೆ, ಆಗ್ಲಿ. ಅದೇ ಜಾಗದಾಗೆ ಕೂತ್ಕೊಂತೀನಿ.”

“ನಾನು ತಟ್ಟೆ ಹಿಡಿಯಲ್ಲವ್ವ. ಬೇರೆ ಯಾರಿಗಾದ್ರೂ ಕೊಡ್ರಿ ಅಂತ ಹೇಳ್ತೀನಿ.” ಹೇಳುವಾಗ ಅದು ದೊಡ್ಡ ತ್ಯಾಗ ಎನ್ನಿಸಿತ್ತು. ಅವ್ವ ತಲೆಯೆತ್ತಿ ಅವನನ್ನು ನೋಡಿದಳು. ಇಡೀ ದಿನದಲ್ಲಿ ಅವಳ ಮುಖದಲ್ಲಿ ಸಿಟ್ಟು ಕಂಡದ್ದು ಆಗ ಮಾತ್ರ.

“ನೀನೇ ಹಿಡೀಬೇಕು,” ಎಂದಳು. “ಬ್ಯಾರೆ ಯಾರ್ ಕೈಯಿಂದ್ಲೂ ನಾನು ತಗೊಳ್ಳಲ್ಲ.”

ಅವನ ಬೆರಳುಗಳ ನಡುವಿನಿಂದ ಎರಡೂ ಮೂಲೆಗಳನ್ನು ಬಿಡಿಸಿಕೊಂಡು, ಸೀರೆಯನ್ನು ಎದೆಗೊತ್ತಿ ಕೊನೆಯ ಮಡಿಕೆ ಹಾಕಿ, ಅವಳು ಒಳಗೆ ಹೋದಳು. ಅವನ ಕೈಗಳು ಹಿಡಿದ ಹಾಗೇ ಮುಂದೆ ಚಾಚಿಕೊಂಡಿದ್ದವು. ಒಳಗಿನಿಂದ ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿದ ಮೇಲೂ ಅವುಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.